ಹೆರಾಲ್ಡ್ ಡಿಬಲ್: ಗುಹೆಯೊಳಗೆ ಕಂಪ್ಯೂಟರ್ ಹೊತ್ತೊಯ್ದವರು

ಮಣ್ಣು ಅಗೆದು ಹಳೆಯ ಕಾಲವನ್ನು ತಿಳಿಯುವ ವಿದ್ಯೆಗೆ ಒಂದು ವಿಚಿತ್ರ ತೊಂದರೆಯಿದೆ. ರಸಾಯನಶಾಸ್ತ್ರದವರು ಪ್ರಯೋಗ ಕೆಟ್ಟರೆ ಇನ್ನೊಮ್ಮೆ ಮಾಡುತ್ತಾರೆ. ಖಗೋಳದವರಿಗೆ ಇವತ್ತು ಮೋಡ ಕವಿದರೂ ನಾಳೆ ನಕ್ಷತ್ರ ಅಲ್ಲೇ ಇರುತ್ತದೆ. ಪುರಾತತ್ವದವರಿಗೆ ಆ ಸೌಲಭ್ಯವಿಲ್ಲ. ಐವತ್ತು ಸಾವಿರ ವರ್ಷ ಅಲುಗಾಡದೆ ಮಲಗಿದ್ದ ಕಲ್ಲಿನ ಚೂರೊಂದನ್ನು ಕೈಗೆತ್ತಿಕೊಂಡ ಕ್ಷಣವೇ ಅದು ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು, ಯಾವ ಕಡೆಗೆ ವಾಲಿತ್ತು ಎಂಬ ಮಾಹಿತಿ ಮಾಯ. ಬರೆದಿಟ್ಟುಕೊಂಡಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ 'ಅನ್‌ಡೂ' ಇಲ್ಲ, ಬ್ಯಾಕಪ್ಪೂ ಇಲ್ಲ :-)

ಈ ತೊಂದರೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ಒಬ್ಬ ಪುರಾತತ್ವಜ್ಞರ ಬಗ್ಗೆ ಇವತ್ತು ಬರೆಯಬೇಕೆನಿಸಿದೆ. ಹೆಸರು ಹೆರಾಲ್ಡ್ ಡಿಬಲ್. ಅಮೆರಿಕದವರು. ಹುಟ್ಟಿದ್ದು 1951ರಲ್ಲಿ, ತೀರಿಕೊಂಡಿದ್ದು 2018ರ ಜೂನ್‌ನಲ್ಲಿ. ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಓದಿ, 1980ರ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಸೇರಿ, ಕೊನೆಯವರೆಗೂ ಅಲ್ಲೇ ಪಾಠ ಹೇಳಿದರು. ಹಲವು ಬೇಸಿಗೆಗಳಲ್ಲಿ ಫ್ರಾನ್ಸಿನ ನೈಋತ್ಯಕ್ಕಿರುವ ಡೋರ್ಡೋನ್ ಪ್ರದೇಶದ ಗುಹೆಗಳಲ್ಲಿ ಕೆಲಸ. ಅವರ ಇಡೀ ಜೀವನ ಕಳೆದದ್ದು ನಿಯಾಂಡರ್ತಾಲ್ ಮನುಷ್ಯರು ಬಿಟ್ಟುಹೋದ ಕಲ್ಲುಗಳ ಜೊತೆ, ಮತ್ತು ಆ ಕಲ್ಲುಗಳನ್ನು ಕಂಪ್ಯೂಟರಿಗೆ ಏರಿಸುವುದರಲ್ಲಿ.

"ಅಷ್ಟೇನಾ? ಎಕ್ಸೆಲ್ ಶೀಟ್ ತುಂಬೋ ಕೆಲಸ ತಾನೆ?" ಎಂದು ಕೇಳಬೇಡಿ. ನಿಯಾಂಡರ್ತಾಲರು ತಮ್ಮ ಸತ್ತವರನ್ನು ಮಣ್ಣು ಮಾಡುತ್ತಿದ್ದರೇ, ಬೇಕೆಂದಾಗ ಬೆಂಕಿ ಹೊತ್ತಿಸಲು ಅವರಿಗೆ ಬರುತ್ತಿತ್ತೇ, ಅಂದರೆ ಅವರು ಎಷ್ಟರ ಮಟ್ಟಿಗೆ ನಮ್ಮಂತೆಯೇ ಇದ್ದರು ಎಂಬ ದೊಡ್ಡ ಪ್ರಶ್ನೆಗಳಿಗೆ ಉತ್ತರ ಇರುವುದು ಈ ಶೀಟು ತುಂಬುವ ಕೆಲಸದಲ್ಲೇ. ಹೇಗೆ ಅಂತ ನೋಡೋಣ.

63 ಬಗೆಯ ಕಲ್ಲುಗಳು

ಕಥೆ ಶುರುವಾಗುವುದು ಫ್ರಾಂಸ್ವಾ ಬೋರ್ಡ್ ಎಂಬ ಫ್ರೆಂಚ್ ಪುರಾತತ್ವಜ್ಞರಿಂದ. (ಇವರು ಫ್ರಾನ್ಸಿಸ್ ಕಾರ್ಸಾಕ್ ಎಂಬ ಹೆಸರಿನಲ್ಲಿ ವೈಜ್ಞಾನಿಕ ಕಾದಂಬರಿಗಳನ್ನೂ ಬರೆಯುತ್ತಿದ್ದರು!) ಹಳೆ ಶಿಲಾಯುಗದ ಕಲ್ಲಿನ ಉಪಕರಣಗಳನ್ನು ಬೋರ್ಡ್ 63 ಬಗೆಗಳಾಗಿ ವಿಂಗಡಿಸಿ ಒಂದು ಪಟ್ಟಿ ಮಾಡಿದರು. ಅದರಲ್ಲಿ ದೊಡ್ಡ ಪಾಲು ತೊಗಲು, ಮರ ಇತ್ಯಾದಿಗಳನ್ನು ಹೆರೆಯುವ ಕಲ್ಲುಗಳದ್ದು. ಹೆರೆಮಣೆಯಲ್ಲಿರುವ 'ಹೆರೆ'ಯನ್ನೇ ಹಿಡಿದು ಇವನ್ನು ಹೆರೆಗಲ್ಲು ಎನ್ನೋಣ. ಒಂದು ಅಂಚು ಮಾತ್ರ ಹರಿತವಾದ ಹೆರೆಗಲ್ಲು, ಎರಡೂ ಅಂಚು ಹರಿತವಾದದ್ದು, ಎರಡು ಅಂಚು ತುದಿಯಲ್ಲಿ ಕೂಡಿ ಚೂಪಾದದ್ದು, ಅಡ್ಡ ಅಂಚಿನದ್ದು... ಹೀಗೆ. ಅಂಚು ನೇರವಿದ್ದರೆ 9ನೇ ಬಗೆ, ಉಬ್ಬಿದ್ದರೆ 10, ತಗ್ಗಿದ್ದರೆ 11.

ಒಂದೊಂದು ಪದರದಲ್ಲಿ ಯಾವ ಬಗೆ ಎಷ್ಟು ಸಿಕ್ಕಿತು ಎಂದು ಎಣಿಸಿದರೆ ಪದರಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣುತ್ತಿತ್ತು. ಬೋರ್ಡ್ ಅವರ ವಿವರಣೆ: ಇವು ಬೇರೆ ಬೇರೆ ನಿಯಾಂಡರ್ತಾಲ್ ಬುಡಕಟ್ಟುಗಳು, ಒಬ್ಬೊಬ್ಬರದು ಒಂದೊಂದು ಸಂಪ್ರದಾಯ. 1966ರಲ್ಲಿ ಅಮೆರಿಕದ ಲೂಯಿಸ್ ಬಿನ್‌ಫರ್ಡ್ ಮತ್ತು ಸ್ಯಾಲಿ ಬಿನ್‌ಫರ್ಡ್ ದಂಪತಿ ಇದನ್ನು ಒಪ್ಪಲಿಲ್ಲ. ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಆ ಕಾಲದಲ್ಲಿ ಅವರು ಬೋರ್ಡ್ ಪಟ್ಟಿಯ ಬಗೆಗಳ ಮೇಲೆ 'ಫ್ಯಾಕ್ಟರ್ ಅನಾಲಿಸಿಸ್' ನಡೆಸಿ, ಇವು ಬೇರೆ ಬುಡಕಟ್ಟುಗಳಲ್ಲ, ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಸಲಕರಣೆ ಎಂದರು. (ಇದೇ ಬಿನ್‌ಫರ್ಡರ 'ಹೊಸ ಪುರಾತತ್ವ'ವನ್ನು ಭಾರತದಲ್ಲಿ ಗಂಭೀರವಾಗಿ ಚರ್ಚಿಸಿದವರು ನಮ್ಮ ಹುಣಸಗಿ ಕಣಿವೆಯ ಶಿಲಾಯುಗದ ನೆಲೆಗಳನ್ನು ದಶಕಗಳ ಕಾಲ ಶೋಧಿಸಿದ ಕೆ. ಪದ್ದಯ್ಯನವರು.)

ಇಲ್ಲೊಂದು ವಿಷಯ ಗಮನಿಸಿ. ಇಬ್ಬರ ಜಗಳವೂ ಆ ಬಗೆಗಳು ಏಕೆ ಇವೆ ಎಂಬುದರ ಬಗ್ಗೆ. ಅವು ನಿಜವಾಗಿಯೂ ಬೇರೆ ಬೇರೆ ಬಗೆಗಳೇ ಎಂದು ಕೇಳಿದವರು ಕಡಿಮೆ. ಕಂಪ್ಯೂಟರಿಗೆ ಹಾಕಿದ್ದೇ ವಿಂಗಡಣೆ ಆದಮೇಲಿನ ಅಂಕಿ. ಹಾಗಿರುವಾಗ ವಿಂಗಡಣೆಯಲ್ಲೇ ಗೊಂದಲವಿದ್ದರೆ ಎಂಥ ಕಂಪ್ಯೂಟರ್ ತಾನೆ ಏನು ಮಾಡೀತು?

ಸಾಣೆ ಹಿಡಿದ ಕುಡುಗೋಲು

ಡಿಬಲ್ ಕೇಳಿದ್ದು ಆ ಪ್ರಶ್ನೆಯನ್ನು. ಅವರ ಗುರು ಆರ್ಥರ್ ಜೆಲಿನೆಕ್, ಇಸ್ರೇಲಿನ ತಾಬೂನ್ ಗುಹೆಯನ್ನು ಅಗೆದವರು. ಆ ಗುಹೆಯ ಕಲ್ಲುಗಳ ಮೇಲೆಯೇ ಡಿಬಲ್ 1981ರಲ್ಲಿ ಪಿಎಚ್‌ಡಿ ಮುಗಿಸಿದರು.

ಹತ್ತು ವರ್ಷ ಗದ್ದೆಯಲ್ಲಿ ದುಡಿದ ಕುಡುಗೋಲನ್ನು ನೋಡಿದ್ದೀರಾ? ಸಾಣೆ ಹಿಡಿದೂ ಹಿಡಿದೂ ಅದರ ಅಲಗು ಅರ್ಧಕ್ಕೆ ಸವೆದು, ಬಾಗು ಬದಲಾಗಿ, ಅಂಗಡಿಯಿಂದ ಬಂದ ದಿನದ ಕುಡುಗೋಲೇ ಅಲ್ಲ ಎನ್ನುವಂತಾಗಿರುತ್ತದೆ. ಗೊತ್ತಿಲ್ಲದವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಇವು ಎರಡು ಬೇರೆ ಸಲಕರಣೆಗಳು ಎಂದೇ ಪಟ್ಟಿ ಮಾಡುತ್ತಾರೆ.

ಕಲ್ಲಿನದೂ ಅದೇ ಕಥೆ ಎಂದರು ಡಿಬಲ್. ಒಂದು ಅಂಚಿನ ಹೆರೆಗಲ್ಲು ಮೊಂಡಾದಾಗ ಆ ಅಂಚನ್ನು ಮತ್ತೆ ಸಣ್ಣಗೆ ಚಕ್ಕೆ ಎಬ್ಬಿಸಿ ಹರಿತ ಮಾಡುತ್ತಾರೆ. ಇನ್ನೊಂದು ಅಂಚನ್ನೂ ಬಳಸಿದರೆ ಅದು ಎರಡು ಅಂಚಿನ ಹೆರೆಗಲ್ಲಾಗುತ್ತದೆ. ಮತ್ತಷ್ಟು ಸವೆದರೆ ಎರಡೂ ಅಂಚುಗಳು ತುದಿಯಲ್ಲಿ ಕೂಡುತ್ತವೆ. ಅಂದರೆ ಬೋರ್ಡ್ ಪಟ್ಟಿಯ ಹಲವು ಬಗೆಗಳು ಒಂದೇ ಕಲ್ಲಿನ ಬಾಲ್ಯ, ಯೌವನ, ಮುಪ್ಪು.

ಹೇಳುವುದು ಸುಲಭ, ತೋರಿಸುವುದು ಹೇಗೆ? ಸವೆದು ಹೋದ ಭಾಗ ಈಗ ಇಲ್ಲವಲ್ಲ! ಇಲ್ಲಿ ಒಂದು ಜಾಣ ಅಳತೆ ಇದೆ. ದೊಡ್ಡ ಕಲ್ಲಿಗೆ ಪೆಟ್ಟು ಕೊಟ್ಟು ಚಕ್ಕೆ ಎಬ್ಬಿಸಿದಾಗ ಪೆಟ್ಟು ಬಿದ್ದ ಜಾಗದ ಒಂದು ಸಣ್ಣ ಸಮತಟ್ಟು ಚಕ್ಕೆಯ ಬುಡದಲ್ಲಿ ಉಳಿಯುತ್ತದೆ. ಅಂಚನ್ನು ಎಷ್ಟು ಸಲ ಹರಿತ ಮಾಡಿದರೂ ಆ ಬುಡ ಸಾಮಾನ್ಯವಾಗಿ ಹಾಗೇ ಇರುತ್ತದೆ. 1981ರಲ್ಲಿ ಡಿಬಲ್ ಮತ್ತು ಜಾನ್ ವಿಟಾಕರ್ ಗಾಜಿನ ಹಲಗೆಗಳ ಅಂಚಿಗೆ ಉಕ್ಕಿನ ಗುಂಡುಗಳನ್ನು ಬೀಳಿಸಿ ಚಕ್ಕೆ ಎಬ್ಬಿಸುವ ಪ್ರಯೋಗ ಮಾಡಿ, ಬುಡದ ದಪ್ಪಕ್ಕೂ ಕೋನಕ್ಕೂ ಚಕ್ಕೆಯ ಗಾತ್ರಕ್ಕೂ ಸಂಬಂಧ ಇದೆಯೆಂದು ತೋರಿಸಿದ್ದರು. ಹಾಗಾದರೆ ಬುಡ ದೊಡ್ಡದಿದ್ದು ಈಗಿನ ಮೈ ಚಿಕ್ಕದಿದ್ದರೆ ಆ ಕಲ್ಲು ಬಹಳ ಸವೆದಿದೆ ಎಂದರ್ಥ. ಇರಾನಿನ ಬಿಸಿತೂನ್ ಗುಹೆಯಲ್ಲಿ 1949ರಲ್ಲಿ ಸಿಕ್ಕು ಪೆನ್ಸಿಲ್ವೇನಿಯಾ ಮ್ಯೂಸಿಯಮ್ಮಿನಲ್ಲಿದ್ದ ಕಲ್ಲುಗಳನ್ನು ಹೀಗೆ ಅಳೆದು 1984ರಲ್ಲಿ, ಇತರ ನೆಲೆಗಳ ಕಲ್ಲುಗಳನ್ನೂ ಸೇರಿಸಿ 1987ರಲ್ಲಿ ಅವರು ಲೇಖನ ಪ್ರಕಟಿಸಿದರು. ಪಟ್ಟಿಯಲ್ಲಿ 'ಹೆಚ್ಚು ಸಂಕೀರ್ಣ' ಎನಿಸಿದ್ದ ಬಗೆಗಳು ಹೆಚ್ಚು ಸವೆದವು ಎಂದು ಬಂತು.

ಎಲ್ಲರೂ ಒಪ್ಪಿದರು ಅಂತಲ್ಲ. ಕೆಲವು ಕಡೆ ಹೆರೆಗಲ್ಲಿನ ರೂಪ ಮೊದಲು ಎಬ್ಬಿಸಿದ ಚಕ್ಕೆಯ ಆಕಾರದಿಂದಲೇ ತೀರ್ಮಾನವಾಗುತ್ತದೆ, ಸವೆತದಿಂದಲ್ಲ ಎಂದು ಬೇರೆಯವರು ವಾದಿಸಿದರು. ಆದರೆ ಪ್ರಶ್ನೆಯ ದಾರಿ ಬದಲಾಗಿತ್ತು. ನನಗೆ ಇಲ್ಲಿ ಕಾಣುವ ಪಾಠ ಇದು: "10ನೇ ಬಗೆ" ಎಂದಷ್ಟೇ ಬರೆದಿಟ್ಟರೆ ನಾಳೆ ಆ ವಿಂಗಡಣೆ ಬಿದ್ದುಹೋದಾಗ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಉದ್ದ, ಅಗಲ, ದಪ್ಪ, ಬುಡದ ಅಳತೆ ಬರೆದಿಟ್ಟರೆ ಯಾರು ಬೇಕಾದರೂ ಯಾವ ಪ್ರಶ್ನೆಯನ್ನಾದರೂ ಮತ್ತೆ ಕೇಳಬಹುದು. ಡೇಟಾಬೇಸ್ ಕೆಲಸ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಾರ, ತೂಗುಗುಂಡು ಮತ್ತು ಟೋಟಲ್ ಸ್ಟೇಶನ್

ಕಲ್ಲಿನ ಅಳತೆ ಮ್ಯೂಸಿಯಮ್ಮಿನಲ್ಲಿ ಯಾವಾಗ ಬೇಕಾದರೂ ತೆಗೆಯಬಹುದು. ಆದರೆ ಕಲ್ಲು ಇದ್ದ ಜಾಗದ ಅಳತೆಗೆ ಒಂದೇ ಒಂದು ಅವಕಾಶ. ಹಳೆಯ ಪದ್ಧತಿಯಲ್ಲಿ ಅಗೆಯುವ ಜಾಗದ ಮೇಲೆ ದಾರ ಕಟ್ಟಿ ಚೌಕ ಮಾಡಿ, ಗಾರೆಯವರ ಹಾಗೆ ತೂಗುಗುಂಡು ಇಳಿಬಿಟ್ಟು, ಟೇಪು ಹಿಡಿದು ಉದ್ದ, ಅಗಲ, ಆಳ ಮೂರನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸಾವಿರಾರು ಕಲ್ಲುಗಳಿಗೆ ಹೀಗೆ ಮಾಡುವವರ ಸೊಂಟ ಏನಾಗಬೇಡ! ಹಾಗಾಗಿ ಬಹಳ ಕಡೆ ಚಂದದ ಉಪಕರಣಗಳಿಗೆ ಮಾತ್ರ ಅಳತೆ, ಸಾಧಾರಣ ಚೂರುಗಳೆಲ್ಲ ಒಟ್ಟಿಗೆ ಒಂದು ಚೀಲಕ್ಕೆ. ಇನ್ನೂ ಹಳೆಯ ಕಾಲದಲ್ಲಾದರೆ ಆ ಚೂರುಗಳನ್ನು ಎಸೆದೇ ಬಿಡುತ್ತಿದ್ದರು.

ನಮ್ಮ ಕಾಲೇಜಿನಲ್ಲಿ ಸಿವಿಲ್ ಹುಡುಗರು ಥಿಯೊಡೊಲೈಟ್ ಹೊತ್ತು ಮೈದಾನದಲ್ಲಿ ಬಿಸಿಲಿಗೆ ಒಣಗುತ್ತಿದ್ದುದು ನೆನಪಿದೆ. ರಸ್ತೆ ಅಗಲ ಮಾಡುವ ಕಡೆ ಮೂರು ಕಾಲಿನ ಸ್ಟ್ಯಾಂಡ್ ಮೇಲೆ ಯಂತ್ರವಿಟ್ಟು ಒಬ್ಬರು ಇಣುಕುವುದು, ದೂರದಲ್ಲಿ ಇನ್ನೊಬ್ಬರು ಕೋಲು ಹಿಡಿದು ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ಆ ಯಂತ್ರದ ಈಗಿನ ರೂಪವೇ ಟೋಟಲ್ ಸ್ಟೇಶನ್. ಕೋಲಿನ ತುದಿಯ ಪ್ರಿಸಂಗೆ ಬೆಳಕಿನ ಕಿರಣ ಬಿಟ್ಟು, ಅದು ವಾಪಸು ಬರುವುದರಿಂದ ದೂರವನ್ನೂ, ಜೊತೆಗೆ ಕೋನಗಳನ್ನೂ ಅಳೆದು, ಆ ಬಿಂದುವಿನ ಎಕ್ಸ್, ವೈ, ಝಡ್ ಮೂರನ್ನೂ ಕೆಲವೇ ಸೆಕೆಂಡುಗಳಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಕೊಡುತ್ತದೆ. 1987ರಲ್ಲೇ ಡಿಬಲ್ ಎಲೆಕ್ಟ್ರಾನಿಕ್ ಥಿಯೊಡೊಲೈಟ್ ಬಳಸಿ ಉತ್ಖನನದ ವಸ್ತುಗಳ ಜಾಗ ಗುರುತಿಸುವ ಬಗ್ಗೆ ಲೇಖನ ಬರೆದರು. ಮರುವರ್ಷ ತಮ್ಮ ವಿದ್ಯಾರ್ಥಿ ಶಾನನ್ ಮೆಕ್‌ಫೆರನ್ ಜೊತೆ ಇಡೀ ಉತ್ಖನನವನ್ನೇ ಕಂಪ್ಯೂಟರಿಗೆ ಒಗ್ಗಿಸುವುದು ಹೇಗೆಂದು ಇನ್ನೊಂದು. ಅದೇ ಹೊತ್ತಿಗೆ, 1987ರಿಂದ 1990ರವರೆಗೆ, ಮಿಶೆಲ್ ಲೆನ್ವಾರ್ ಜೊತೆ ಕೋಂಬ್-ಕಾಪೆಲ್ ಬಾ ಎಂಬ ನೆಲೆಯಲ್ಲಿ ಇದನ್ನು ಮಾಡಿಯೂ ತೋರಿಸಿದರು.

ಅವರ ಪದ್ಧತಿ ಮುಂದಿನ ವರ್ಷಗಳಲ್ಲಿ ಹೀಗೆ ಗಟ್ಟಿಯಾಯಿತು. 2.5 ಸೆಂಟಿಮೀಟರಿಗಿಂತ ದೊಡ್ಡದಾದ ಪ್ರತಿ ಕಲ್ಲು, ಪ್ರತಿ ಮೂಳೆಗೂ ಒಂದು ನಂಬರ್, ಒಂದು ಅಳತೆ. ಚಂದ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಉದ್ದನೆಯ ವಸ್ತುವಾದರೆ ಎರಡೂ ತುದಿಗೆ ಒಂದೊಂದು ಬಿಂದು. ಏಕೆಂದರೆ ಒಂದು ಪದರದ ಕಲ್ಲುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಅವನ್ನು ಅಲ್ಲಿಟ್ಟಿದ್ದು ಮನುಷ್ಯರಲ್ಲ, ಹರಿಯುವ ನೀರೋ ಜಾರುವ ಮಣ್ಣೋ ಇರಬಹುದು. ಉಳಿದ ಮಣ್ಣು 7 ಲೀಟರಿನ ಬಕೆಟ್ಟುಗಳಿಗೆ. ಪ್ರತಿ ಬಕೆಟ್ಟಿಗೂ ನಂಬರ್ ಮತ್ತು ಜಾಗ, ಆಮೇಲೆ ಜರಡಿ ಹಿಡಿದು ಸಣ್ಣ ಚೂರು ಆರಿಸುವುದು. ಲ್ಯಾಬಿನಲ್ಲಿ ಕ್ಯಾಲಿಪರ್ರು, ತಕ್ಕಡಿ ಎರಡನ್ನೂ ನೇರ ಕಂಪ್ಯೂಟರಿಗೆ ಜೋಡಿಸಿ ಅಳತೆ ತಾನಾಗಿ ಒಳಗೆ ಹೋಗುವ ಹಾಗೆ ಮಾಡಿದರು. ಮನುಷ್ಯರು ಓದಿ ಬರೆದು ಮತ್ತೆ ಟೈಪ್ ಮಾಡಿದಷ್ಟೂ ಅಂಕಿ ಅದಲು ಬದಲಾಗುವುದು ಖಂಡಿತ ಅಲ್ಲವೇ?

ಇದಕ್ಕೆ ಬೇಕಾದ ಸಾಫ್ಟ್‌ವೇರ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಡಿಬಲ್ ಮತ್ತು ಮೆಕ್‌ಫೆರನ್ ತಾವೇ ಬರೆದರು. ಟೋಟಲ್ ಸ್ಟೇಶನ್ನಿನ ಜೊತೆ ಮಾತಾಡಲು ಒಂದು, ಅಳತೆ ತುಂಬಲು 'ಇ-ಫೋರ್' ಎಂಬುದೊಂದು, ಬಿಂದುಗಳನ್ನು ಚಿತ್ರವಾಗಿ ನೋಡಲು 'ನ್ಯೂಪ್ಲಾಟ್' ಎಂಬುದೊಂದು. ಬರೆದು ಬೇರೆ ಪುರಾತತ್ವಜ್ಞರಿಗೆ ಉಚಿತವಾಗಿ ಹಂಚಿದರು. ಕೋಂಬ್-ಕಾಪೆಲ್ ಬಾದ ಮಾಹಿತಿಯನ್ನು 1996ರಲ್ಲಿ ಸಿಡಿಯಲ್ಲೂ ಹೊರತಂದರು. 2002ರಲ್ಲಿ ಇಬ್ಬರೂ ಸೇರಿ ಪುರಾತತ್ವದಲ್ಲಿ ಕಂಪ್ಯೂಟರ್ ಬಳಕೆಯ ಬಗ್ಗೆ ಒಂದು ಕೈಪಿಡಿಯನ್ನೂ ಬರೆದರು. ಅಗೆದವರೇ ತಮ್ಮ ಪೆಟ್ಟಿಗೆಯ ಬೀಗದ ಕೈಯನ್ನು ಇತರರಿಗೆ ಕೊಟ್ಟ ಹಾಗೆ.

ಬೆಂಕಿ

ಈಗ ಈ ಶ್ರಮದ ಫಲಕ್ಕೆ ಬರೋಣ. ಪೆಶ್ ದ ಲಾಝೆ 4 ಎಂಬ ಗುಹೆಯನ್ನು ಅದೇ ಬೋರ್ಡ್ 1970ರಿಂದ 1977ರವರೆಗೆ ಅಗೆದಿದ್ದರು. ಬೋರ್ಡ್ ಸಹ ಜಾಗದ ಅಳತೆಗಳನ್ನು ಶಿಸ್ತಾಗಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟವರು. ಡಿಬಲ್ ತಂಡ ಮೊದಲು ಆ ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸಿತು. ನಂತರ 2000ದಿಂದ 2003ರವರೆಗೆ ಅಲ್ಲೇ ಮತ್ತೆ ಅಗೆಯಿತು. ಯಾರ ಪಟ್ಟಿಯನ್ನು ಪ್ರಶ್ನಿಸಿ ಹೆಸರು ಮಾಡಿದರೋ ಅವರದೇ ನೋಟ್‌ಬುಕ್ಕುಗಳನ್ನು ಇಷ್ಟು ಗೌರವದಿಂದ ನೋಡಿಕೊಂಡದ್ದು ನನಗೆ ತುಂಬ ಇಷ್ಟವಾಯಿತು.

ಚಕಮಕಿ ಕಲ್ಲಿಗೆ ಬೆಂಕಿ ತಗುಲಿದರೆ ಬಣ್ಣ ಬದಲಾಗುತ್ತದೆ, ಮೈ ಬಿರುಕು ಬಿಡುತ್ತದೆ, ಬಿಲ್ಲೆ ಬಿಲ್ಲೆಯಾಗಿ ಸಿಡಿಯುತ್ತದೆ. ಬೂದಿ ನೀರಿಗೆ ಕೊಚ್ಚಿ ಹೋಗಬಹುದು, ಸುಟ್ಟ ಕಲ್ಲು ಹೋಗುವುದಿಲ್ಲ. ಗುಹೆಯಲ್ಲಿ ಎಲ್ಲಿ ಒಲೆ ಹೂಡಿದರೂ ಕೆಳಗೆ ಬಿದ್ದಿರುವ ಹಳೆಯ ಚೂರುಗಳು ಸುಡುತ್ತವೆ. ಆದ್ದರಿಂದ ಪ್ರತಿ ಪದರದಲ್ಲಿ ನೂರಕ್ಕೆ ಎಷ್ಟು ಚೂರು ಸುಟ್ಟಿವೆ ಎಂದು ಎಣಿಸಿದರೆ ಬೆಂಕಿಯ ಬಳಕೆ ಎಷ್ಟಿತ್ತೆಂದು ಅಂದಾಜಾಗುತ್ತದೆ. ಆದರೆ ಹೀಗೆ ಎಣಿಸಲು ಕೆಲಸಕ್ಕೆ ಬಾರದ ಚೂರುಗಳೂ ಇರಬೇಕು. ಅವನ್ನು ಎಸೆದಿದ್ದರೆ ಲೆಕ್ಕವೇ ಇಲ್ಲ.

ಪೆಶ್ ದ ಲಾಝೆ 4 ಮತ್ತು ರೋಕ್ ದ ಮಾರ್ಸಾಲ್ ಎಂಬ ಇನ್ನೊಂದು ಗುಹೆ, ಎರಡರಲ್ಲೂ ಒಂದೇ ಚಿತ್ರ. ಕೆಳಗಿನ, ಅಂದರೆ ಹಳೆಯ ಪದರಗಳಲ್ಲಿ ಬೆಂಕಿಯ ಗುರುತು ಧಾರಾಳ. ಮೇಲಿನ ಪದರಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಸೋಜಿಗವೆಂದರೆ ಕೆಳಗಿನ ಪದರಗಳದು ಹವೆ ಬೆಚ್ಚಗಿದ್ದ ಕಾಲ. ಮೇಲಿನದು ಹಿಮಸಾರಂಗದ ಮೂಳೆಗಳೇ ತುಂಬಿದ, ಕೊರೆಯುವ ಚಳಿಯ ಕಾಲ. ಬೆಂಕಿ ಬೇಕೇ ಬೇಕು ಎನ್ನುವ ಕಾಲದಲ್ಲೇ ಬೆಂಕಿಯಿಲ್ಲ! 2011ರಲ್ಲಿ ಡೆನಿಸ್ ಸ್ಯಾಂಡ್‌ಗೇತ್, ಡಿಬಲ್ ಮತ್ತು ಜೊತೆಗಾರರು ಕೊಟ್ಟ ವಿವರಣೆ: ಇಲ್ಲಿದ್ದ ನಿಯಾಂಡರ್ತಾಲರಿಗೆ ಬೆಂಕಿಯನ್ನು ಬಳಸಲು ಬರುತ್ತಿತ್ತು, ಹೊಸದಾಗಿ ಹೊತ್ತಿಸಲು ಬರುತ್ತಿರಲಿಲ್ಲವೇನೋ. ಸಿಡಿಲು ಬಡಿದು ಕಾಡು ಹೊತ್ತಿದಾಗ ಕೆಂಡ ತಂದು ಕಾಪಾಡಿಕೊಳ್ಳುತ್ತಿದ್ದರು. ಚಳಿಗಾಲದ ಸಾವಿರಾರು ವರ್ಷಗಳಲ್ಲಿ ಸಿಡಿಲೂ ಕಡಿಮೆ, ಮರವೂ ಕಡಿಮೆ.

ಓದಿದಾಗ ಮನಸ್ಸಿಗೆ ಒಂಥರಾ ಆಯಿತು. ಆರಿದ ಒಲೆಯ ಸುತ್ತ ಮಕ್ಕಳನ್ನು ತಬ್ಬಿಕೊಂಡು ಕೂತ ಜನ...

ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ. 2018ರಲ್ಲಿ ಆಂಡ್ರೂ ಸೊರೆನ್ಸನ್ ಮತ್ತು ಜೊತೆಗಾರರು ಫ್ರಾನ್ಸಿನ ನಿಯಾಂಡರ್ತಾಲರ ಕೈಗೊಡಲಿಗಳ ಮೈಮೇಲೆ ಗಂಧಕದ ಅದಿರಿನ ಕಲ್ಲಿಗೆ ಉಜ್ಜಿ ಕಿಡಿ ಎಬ್ಬಿಸಿದಂಥ ಗೀರುಗಳನ್ನು ತೋರಿಸಿ, ಇವರಿಗೆ ಬೆಂಕಿ ಮಾಡಲು ಬರುತ್ತಿತ್ತು ಎಂದರು. ಬಹುಶಃ ಕೆಲವು ಗುಂಪುಗಳಿಗೆ ಗೊತ್ತಿತ್ತು, ಕೆಲವಕ್ಕೆ ಇಲ್ಲ. ಅಥವಾ ಕಲಿತದ್ದು ಮರೆತೂ ಹೋಯಿತು.

ಮಗುವಿನ ಗುಂಡಿ

ರೋಕ್ ದ ಮಾರ್ಸಾಲ್ ಗುಹೆಯಲ್ಲಿ 1961ರಲ್ಲಿ ಒಂದು ಪುಟ್ಟ ನಿಯಾಂಡರ್ತಾಲ್ ಮಗುವಿನ ಅಸ್ಥಿ ಸಿಕ್ಕಿತ್ತು. ಒಂದು ತಗ್ಗಿನಲ್ಲಿ ಮಲಗಿದ್ದರಿಂದ ಅಪ್ಪ ಅಮ್ಮ ಗುಂಡಿ ತೋಡಿ ಮಣ್ಣು ಮಾಡಿದ್ದಾರೆಂದೇ ಎಲ್ಲರೂ ನಂಬಿದ್ದರು. 2004ರಿಂದ ಡಿಬಲ್ ತಂಡ ಅಲ್ಲಿ ಮತ್ತೆ ಅಗೆದು, ಗೋಡೆಯಂತೆ ಉಳಿದಿದ್ದ ಪದರಗಳನ್ನು ಬಿಂದು ಬಿಂದುವಾಗಿ ಗುರುತಿಸಿ, ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2011ರಲ್ಲಿ ಹೇಳಿದ್ದು: ಅದು ಯಾರೂ ತೋಡಿದ ಗುಂಡಿಯಲ್ಲ, ತಾನಾಗಿ ಆದ ತಗ್ಗು. ಮಗುವನ್ನು ಹೂಳಿದ್ದರು ಎನ್ನಲು ಆಧಾರವಿಲ್ಲ.

ಡಿಬಲ್ ಅವರನ್ನು ನಿಯಾಂಡರ್ತಾಲರ ವಿರೋಧಿ ಎನ್ನುವುದು ಸುಲಭ. ಆ ಕಾಲದ ಸಾಂಕೇತಿಕ ನಡವಳಿಕೆಗೆ ಸಾಕ್ಷ್ಯ ದುರ್ಬಲವಿದೆ ಎಂದು 1987ರಲ್ಲೇ ಫಿಲಿಪ್ ಚೇಸ್ ಜೊತೆ ಬರೆದವರು ಅವರು. ಆದರೆ ಅವರು ಕೇಳಿದ್ದು "ಅವರು ಮನುಷ್ಯರಲ್ಲ" ಎಂದಲ್ಲ, "ನಿಮಗೆ ಹೇಗೆ ಗೊತ್ತು?" ಎಂದು. ಈ ಪ್ರಶ್ನೆಗೆ ಉತ್ತರ ಸಿಕ್ಕ ಒಂದು ಉದಾಹರಣೆಯೂ ಇದೆ. ಡಿಬಲ್ ತಂಡ 2010ರ ನಂತರ ಮತ್ತೆ ಅಗೆದ ಲಾ ಫೆರಾಸಿ ಎಂಬ ಪ್ರಸಿದ್ಧ ನೆಲೆಯಲ್ಲಿ 1970 ಮತ್ತು 1973ರಲ್ಲಿ ಎರಡು ವರ್ಷದ ಒಂದು ಮಗುವಿನ ಮೂಳೆಗಳು ಸಿಕ್ಕಿದ್ದವು. 2020ರಲ್ಲಿ ಬೇರೊಂದು ತಂಡ ಆ ಹಳೆಯ ಅಗೆತದ ಟಿಪ್ಪಣಿಗಳನ್ನು ತೆಗೆದು ನೋಡಿತು. ಪದರ ಇಳಿಜಾರಾಗಿದ್ದ ದಿಕ್ಕಿಗೂ ಮಗುವಿನ ಮೈ ಇದ್ದ ದಿಕ್ಕಿಗೂ ತಾಳೆಯಾಗಲಿಲ್ಲ. ಮಣ್ಣು ತಾನಾಗಿ ಮುಚ್ಚಿದ್ದರೆ ಹೀಗಾಗದು, ಆದ್ದರಿಂದ ಈ ಮಗುವನ್ನು ಹೂಳಲಾಗಿತ್ತು ಎಂದು ಅವರು ತೀರ್ಮಾನಿಸಿದರು.

ನೋಡಿ, ಇಲ್ಲಿ ಉತ್ತರ ಡಿಬಲ್ ಅವರ ಅನುಮಾನಕ್ಕೆ ವಿರುದ್ಧವಾಗಿ ಬಂತು. ಆದರೆ ಉತ್ತರ ಬಂದ ದಾರಿ ಅವರು ಜೀವನವಿಡೀ ಹೇಳಿದ ದಾರಿಯೇ: ಯಾವ ಮೂಳೆ ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಯಾವ ಕಡೆ ವಾಲಿತ್ತು. 1970ರ ದಶಕದಲ್ಲಿ ಯಾರೋ ಬೇಸರ ಮಾಡಿಕೊಳ್ಳದೆ ಬರೆದಿಟ್ಟದ್ದರಿಂದ, ಐವತ್ತು ವರ್ಷದ ಮೇಲೆ, ಒಂದು ಮಗುವಿಗೆ ಅಂತ್ಯಸಂಸ್ಕಾರವಾಗಿತ್ತು ಎಂದು ಹೇಳಲು ಸಾಧ್ಯವಾಯಿತು.

ಪೆಶ್ ದ ಲಾಝೆ 4ರ ಬಗೆಗಿನ ದೊಡ್ಡ ಪುಸ್ತಕ ಹೊರಬಂದದ್ದು 2018ರಲ್ಲಿ, ಡಿಬಲ್ ತೀರಿಕೊಂಡ ವರ್ಷವೇ. ಟೋಟಲ್ ಸ್ಟೇಶನ್ ಈಗ ಪುರಾತತ್ವದಲ್ಲಿ ಮಾಮೂಲಿ, ಜೊತೆಗೆ ಡ್ರೋನು, ಮೂರು ಆಯಾಮದ ಸ್ಕ್ಯಾನರುಗಳೂ ಬಂದಿವೆ. ಯಂತ್ರಗಳು ಇನ್ನೂ ಬದಲಾಗುತ್ತವೆ. ನನಗೆ ಅವರ ಯಂತ್ರಗಳಿಗಿಂತ ದೊಡ್ಡದಾಗಿ ಕಂಡದ್ದು, ಬೆಲೆಯಿಲ್ಲದ ಚೂರಿಗೂ ಒಂದು ನಂಬರ್ ಕೊಡುವ ಆ ಹಟ, ಮತ್ತು ತನ್ನ ಮಾತು ತಪ್ಪೆಂದು ತೋರಿಸಬಹುದಾದ ಮಾಹಿತಿಯನ್ನೂ ಎಲ್ಲರ ಕೈಗೆ ಕೊಡುವ ಧೈರ್ಯ. ನಮ್ಮ ಕೆಲಸದಲ್ಲಿ ಡೇಟಾ ಅಳಿಸಿಹೋದರೆ ಯಾವುದಾದರೂ ಸರ್ವರ್‌ನಲ್ಲಿ ಒಂದು ನಕಲು ಸಿಕ್ಕೀತು. ಅವರಿಗೆ ಇದ್ದದ್ದು ಒಂದೇ ಪ್ರತಿ, ಅದೂ ಅಗೆಯುತ್ತಾ ಹೋದ ಹಾಗೆ ಕರಗುವಂಥದ್ದು.